ನನಗಿಂತ ಎರಡು ಮನೆ ಮೇಲಿದ್ದ ಹಾಡು

ಬೆಳಿಗ್ಗೆ ಎಚ್ಚರವಾದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಅಮ್ಮನನ್ನು ಕರೆಯುವುದು. ಕಣ್ಣು ಪೂರ್ತಿ ಬಿಡುವ ಮೊದಲೇ, ಮಲಗಿದಲ್ಲೇ, "ಅಮ್ಮಾ" ಎನ್ನುತ್ತಿದ್ದೆ. ಅಡುಗೆಮನೆಯಿಂದ "ಏನವ್ವಾ?" ಎಂದು ಉತ್ತರ ಬರುತ್ತಿತ್ತು. "ಏನಿಲ್ಲ" ಎನ್ನುತ್ತಿದ್ದೆ. ಅದರ ಹಿಂದೆಯೇ ಅಡುಗೆಮನೆಯಲ್ಲಿ ಮಿಕ್ಸಿ ಗರ್ರೆನ್ನುತ್ತಿತ್ತು. ನನಗೆ ಕಾಫಿಯೂ ಬೇಕಿರಲಿಲ್ಲ, ನೀರೂ ಬೇಕಿರಲಿಲ್ಲ. ಗಂಟಲಲ್ಲಿ ದನಿ ಇದೆಯೋ ಇಲ್ಲವೋ ಎಂದು ಗೊತ್ತಾದರೆ ಸಾಕಿತ್ತು. ನಾನು ನಿದ್ದೆಯಲ್ಲಿರುವಾಗ ಅದು ಹೇಳದೆ ಕೇಳದೆ ಹೊರಟುಹೋಗಿರುತ್ತದೆ ಎಂಬ ಭಯ ನನಗೆ ದಿನಾ ಇತ್ತು.

ಜನ ನನ್ನನ್ನು ಅದೃಷ್ಟವಂತೆ ಎನ್ನುತ್ತಿದ್ದ ಕಾಲವೂ ಅದೇ. ನಾನೇ ಬರೆದು, ನಾನೇ ರಾಗ ಹಾಕಿ, ನಾನೇ ಹಾಡಿದ ಹಾಡೊಂದು ವಾರಗಟ್ಟಲೆ ಜನಪ್ರಿಯ ಹಾಡುಗಳ ಎಲ್ಲ ಪಟ್ಟಿಗಳ ತುದಿಯಲ್ಲಿ ಕೂತಿತ್ತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರೋಡಿನಲ್ಲಿ ಸೊಪ್ಪು ತರಲು ಹೋದರೆ ಮೊಬೈಲ್ ಅಂಗಡಿಯಲ್ಲೊಮ್ಮೆ, ನಿಂತ ಆಟೋದಲ್ಲೊಮ್ಮೆ, ಬೇಕರಿಯ ಮುಂದೆ ಟೀ ಕುಡಿಯುವವರ ಫೋನಿನಲ್ಲೊಮ್ಮೆ ಅದೇ ಹಾಡು. ಮನೆ ತಲುಪುವಷ್ಟರಲ್ಲಿ ನನ್ನ ಹಾಡು ನನ್ನನ್ನೇ ಮೂರು ಸಲ ದಾಟಿಕೊಂಡು ಹೋಗಿರುತ್ತಿತ್ತು. ಗುರುತು ಹಿಡಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಚರಣದ ಎರಡನೇ ಸಾಲು ಹತ್ತಿರ ಬಂದಂತೆ ನನ್ನ ಕುತ್ತಿಗೆಯ ನರಗಳು ತಾವಾಗಿಯೇ ಬಿಗಿಯುತ್ತಿದ್ದವು. ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದು ರಸ್ತೆ ಮಧ್ಯೆ ಬೆವರುತ್ತಾ ನಿಂತ ಹೆಂಗಸನ್ನು ನೀವು ಆಗ ಅಲ್ಲಿ ನೋಡಿದ್ದರೆ, ಅದು ನಾನೇ.

ಯಾಕೆಂದರೆ ಆ ಸಾಲನ್ನು ಅಷ್ಟು ಎತ್ತರದಲ್ಲಿ ನಾನು ಹಾಡಿಯೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಬಂದದ್ದು ಆರ್ಕೆಸ್ಟ್ರಾದಿಂದ. ಅಪ್ಪನ ಕೆಲಸಕ್ಕಾಗಿ ದಾವಣಗೆರೆಯಿಂದ ಬೆಂಗಳೂರಿಗೆ ಬಂದ ಸಂಸಾರ ನಮ್ಮದು. ಕಾಲೇಜಿಗೆ ಹೋಗುತ್ತಲೇ ನಾನು ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ಆರತಕ್ಷತೆ ಎಂದು ಹಾಡಿಕೊಂಡು ತಿರುಗುತ್ತಿದ್ದೆ. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ನುಡಿಸುವವರು ಶಿವಾಜಿನಗರದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ವೇದಿಕೆಯಲ್ಲಿ ಕನ್ನಡ. ಎಲ್ಲರಿಗೂ ಅವರು ಮಾಸ್ಟರ್. ಅವರಿಗೆ ನಾನು ಮೊದಲ ದಿನದಿಂದಲೂ ಪಾಪಾ. ಮೂವತ್ತು ದಾಟಿದ ಮೇಲೂ ಪಾಪಾನೇ.

ಆರ್ಕೆಸ್ಟ್ರಾಕ್ಕೆ ಹೊಸಬರು ಯಾರೇ ಹಾಡಲು ಬಂದರೂ ಅವರನ್ನು ಕೇಳುವ ಮೊದಲ ಪ್ರಶ್ನೆ ಹೆಸರಲ್ಲ, "ಯಾವ ಸ್ಕೇಲ್?" ಹಾರ್ಮೋನಿಯಂ ಹಲಗೆಯ ಒಂದೊಂದು ಪಟ್ಟಿಗೂ ಒಂದೊಂದು ಮನೆ ಎನ್ನುವ ವಾಡಿಕೆ ಇದೆ. ಪ್ರತಿಯೊಬ್ಬರ ಗಂಟಲಿಗೂ ಅಲ್ಲಿ ಒಂದು ಸ್ವಂತ ಮನೆ ಇರುತ್ತದೆ. ಹಾಡು ಅದಕ್ಕಿಂತ ಮೇಲಿದ್ದರೆ ಇಳಿಸಿಕೊಂಡು ಹಾಡಬೇಕು. ಕೀಬೋರ್ಡಿನಲ್ಲಿ ಅದಕ್ಕೊಂದು ಗುಂಡಿಯೇ ಇದೆ. ಒತ್ತಿದರೆ ಬೆರಳು ಇದ್ದಲ್ಲೇ ಇರುತ್ತದೆ, ಸ್ವರ ಮಾತ್ರ ಕೆಳಗಿಳಿಯುತ್ತದೆ. ಶೀತವಾಗಿದ್ದ ದಿನ ನಾನು ಬೆನ್ನ ಹಿಂದೆ ಕೈ ಕಟ್ಟಿ ಒಂದು ಬೆರಳು ಕೆಳಗೆ ತೋರಿಸುತ್ತಿದ್ದೆ. ಮಾಸ್ಟರ್ ಒಂದು ಮನೆ ಇಳಿಸುತ್ತಿದ್ದರು. ಜನರಿಗೆ ಕಾಣುತ್ತಿದ್ದದ್ದು ನನ್ನ ಜರಿ ಸೀರೆ ಮಾತ್ರ.

ಹಿಟ್ ಆದ ಹಾಡನ್ನು ಧ್ವನಿಮುದ್ರಿಸಿದ್ದು ಸಿ.ವಿ. ರಾಮನ್ ನಗರದ ಒಂದು ಮಹಡಿ ಮನೆಯಲ್ಲಿ. ಆ ಮನೆಯ ಹುಡುಗನ ಅಜ್ಜ ಅದೇ ನೆಲದಲ್ಲಿ ರಾಗಿ ಬೆಳೆದವರು, ಅಪ್ಪ ಅಲ್ಲೇ ಬಾಡಿಗೆ ಮನೆ ಕಟ್ಟಿಸಿದವರು. ಮಗ ಅಪ್ಪನನ್ನು ಕಾಡಿ ಬೇಡಿ ಅದರಲ್ಲೊಂದು ಮನೆಯನ್ನು ಸ್ಟುಡಿಯೋ ಮಾಡಿಕೊಂಡಿದ್ದ. ಹತ್ತಿರದ ವಿಮಾನ ಕಾರ್ಖಾನೆಯ ಹೆಲಿಕಾಪ್ಟರ್ ಮೇಲೆ ಹಾರಿದಾಗೆಲ್ಲ ನಾವು ಹಾಡು ನಿಲ್ಲಿಸಿ ಕಡಲೆಕಾಯಿ ತಿನ್ನುತ್ತಿದ್ದೆವು. ನಾನು ನನ್ನ ಮನೆಯಲ್ಲೇ, ಅಂದರೆ ನನ್ನ ಸ್ಕೇಲಿನಲ್ಲೇ, ಆರಾಮಾಗಿ ಹಾಡಿ ಬಂದೆ. ವಾರದ ನಂತರ ಅವನು ಕರೆದು ಹೆಡ್‌ಫೋನ್ ಕೊಟ್ಟ.

"ಅಕ್ಕ, ಸುಮ್ನೆ ಒಂದ್ಸಲ ಕೇಳಿ. ಎರಡು ಎತ್ತಿದ್ದೀನಿ. ಬೇಡ ಅಂದ್ರೆ ತೆಗೆದ್ಬಿಡ್ತೀನಿ."

ಕೇಳಿದೆ. ಕಂಪ್ಯೂಟರಿನಲ್ಲಿ ನನ್ನ ದನಿಯನ್ನೇ ಎರಡು ಮನೆ ಮೇಲಕ್ಕೆ ಎತ್ತಿದ್ದ. ಅದು ನಾನೇ, ಆದರೆ ನನಗಿಂತ ಎಳೆಯವಳು, ನನಗಿಂತ ನಿಶ್ಚಿಂತಳು. ಚರಣದ ಎರಡನೇ ಸಾಲಿಗೆ ಬಂದಾಗ ಆ ದನಿ ಎಷ್ಟು ಮೇಲೆ ಹೋಗಿ ಎಷ್ಟು ತೆಳ್ಳಗೆ ನಿಂತಿತೆಂದರೆ ನನಗೇ ಮೈ ಜುಮ್ಮೆಂದಿತು. ಹಾಗೇ ಬಿಡು ಎಂದೆ. ನಾಳೆ ಇದನ್ನು ವೇದಿಕೆ ಮೇಲೆ ಹಾಡುವವರು ಯಾರು ಎಂದು ಅವನೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಹಾಡು ಮಾಡುವ ನಮ್ಮಂಥವರಷ್ಟೇ ಬೀಳಬಹುದಾದ ಹಳ್ಳ ಅದು.

ಜನ ಹಿಡಿದುಕೊಂಡದ್ದು ಆ ಸಾಲನ್ನೇ. ಅದಕ್ಕೆ ರೀಲ್ಸ್ ಮಾಡಿದರು, ಸ್ಪರ್ಧೆಗಳಲ್ಲಿ ಮಕ್ಕಳು ಅದನ್ನೇ ಹಾಡಿ ಕಪ್ ಗೆದ್ದರು. ನಾನೂ ಆ ಹುಡುಗನೂ ಸೇರಿ ಒಂದು ಮ್ಯೂಸಿಕ್ ಕಂಪನಿ ಶುರು ಮಾಡಿದೆವು. ಇಂದಿರಾನಗರದಲ್ಲಿ ಸಣ್ಣ ಆಫೀಸು, ಬಾಗಿಲಿಗೆ ಗಾಜು. ಹೊಸಬರ ಹಾಡುಗಳನ್ನು ಹೊರತರುವ ಆಸೆ. ಮಕ್ಕಳನ್ನು ಕರೆದುಕೊಂಡು ಬಂದ ತಂದೆತಾಯಿಗಳೆಲ್ಲ ನನ್ನ ಮುಂದೆ ಹೇಳುತ್ತಿದ್ದ ಮಾತು ಒಂದೇ: "ಮೇಡಂ, ಆ ಲೈನಲ್ಲಿ ನೀವು ಹೋಗ್ತೀರಲ್ಲ, ಅದೊಂದು ನಮ್ ಮಗಳಿಗೆ ಕಲಿಸ್ಕೊಡಿ." ನಾನು ತಲೆಯಾಡಿಸುತ್ತಿದ್ದೆ.

ಮೊದಲ ಕೆಲವು ಕಾರ್ಯಕ್ರಮಗಳಲ್ಲಿ ಹೇಗೋ ಹಾಡಿದೆ. ಎರಡು ಮನೆ ದೊಡ್ಡ ದೂರವಲ್ಲ. ಒಂದು ದಿನ ಹತ್ತಬಹುದು, ಎರಡು ದಿನ ಹತ್ತಬಹುದು. ದಿನಾ ಹತ್ತಿದರೆ ಗಂಟಲು ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ. ಆ ಸಾಲು ಮುಗಿದ ಮೇಲೆ ದನಿಯಲ್ಲಿ ಮರಳು ಸೇರಿದ ಹಾಗಾಗುತ್ತಿತ್ತು. ಮೊದಮೊದಲು ಅದು ಬೆಳಿಗ್ಗೆ ಹೊತ್ತಿಗೆ ಸರಿಹೋಗುತ್ತಿತ್ತು, ಬರುಬರುತ್ತಾ ಮಧ್ಯಾಹ್ನದವರೆಗೂ ಉಳಿಯತೊಡಗಿತು. ಮೆಣಸಿನ ಕಷಾಯ, ಜೇನುತುಪ್ಪ, ಬಿಸಿನೀರು, ಕಲ್ಲುಸಕ್ಕರೆ, ಯಾರು ಏನು ಹೇಳಿದರೂ ಕುಡಿದೆ, ಚೀಪಿದೆ. ಐಸ್‌ಕ್ರೀಮ್ ಕಂಡರೆ ಹಾವು ಕಂಡ ಹಾಗೆ ಸರಿಯುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಅಮ್ಮನಿಗಂತೂ ಹೇಳಲೇ ಇಲ್ಲ. ಅಪ್ಪ ಹೋದ ಮೇಲೆ ಅವಳ ಮುಂದೆ ನಾನು ಗಟ್ಟಿಗಿತ್ತಿಯಾಗಿಯೇ ಓಡಾಡುತ್ತಿದ್ದೆ.

ಕಡೆಗೆ ಹಲಸೂರಿನ ಒಬ್ಬ ಗಂಟಲ ಡಾಕ್ಟರ ಹತ್ತಿರ ಹೋದೆ, ಮಾಸ್ಕ್ ಹಾಕಿಕೊಂಡು, ಕಳ್ಳಿಯ ಹಾಗೆ. ಡಾಕ್ಟರಮ್ಮ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯಲ್ಲಿ ತೋರಿಸಿದರು. ದನಿ ಹುಟ್ಟಿಸುವ ಎರಡು ಬಿಳೀ ಪಟ್ಟಿಗಳು, ತೆರೆಯುತ್ತಾ ಮುಚ್ಚುತ್ತಾ. ಜನ ಹುಚ್ಚರಾಗಿ ಕೂಗುತ್ತಿದ್ದದ್ದು ಇಷ್ಟು ಸಣ್ಣ ಜಾಗಕ್ಕಾ ಎನಿಸಿತು. ಒಂದು ಪಟ್ಟಿಯ ಅಂಚಿನಲ್ಲಿ ಕೆಂಪಗೆ ಊದಿಕೊಂಡಿತ್ತು.

"ಇಲ್ಲಿ ಒಂದು ಸಣ್ಣ ರಕ್ತನಾಳ ಉಬ್ಬಿದೆ ನೋಡಿ. ಮೇಲಿನ ಸ್ಕೇಲಲ್ಲಿ ಕಿರುಚಿದ್ರೆ ಒಡೀಬಹುದು. ಒಡೆದ್ರೆ ದನಿ ಹೋಗುತ್ತೆ. ವಾಪಸ್ ಬರಬಹುದು, ಬಂದದ್ದು ನಿಮ್ಮ ಹಳೇ ದನಿನೇ ಆಗಿರುತ್ತೆ ಅಂತ ನಾನು ಮಾತು ಕೊಡಲ್ಲ."

ಹೊರಗೆ ಬಂದು ಮಾಸ್ಕ್ ಸರಿಮಾಡಿಕೊಳ್ಳುವಾಗ ನರ್ಸ್ ಗುರುತು ಹಿಡಿದುಬಿಟ್ಟಳು. ಸೆಲ್ಫಿ ತೆಗೆದುಕೊಂಡಳು. "ಮೇಡಂ, ಆ ಲೈನ್ ಒಂದೇ ಒಂದ್ಸಲ ಹಾಡಿ ಮೇಡಂ, ಪ್ಲೀಸ್" ಎಂದಳು. ಪಾಪದ ಹುಡುಗಿ, ಅವಳ ತಪ್ಪೇನೂ ಇಲ್ಲ. ನನಗೆ ಅವಳ ಕೈಯಿಂದ ಫೋನ್ ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು. ಆಟೋದಲ್ಲಿ ಕೂತ ಮೇಲೆ ಗೊತ್ತಾಯಿತು: ಅದು ಸಿಟ್ಟಲ್ಲ, ಭಯ.

ಕಂಪನಿಯ ಮೊದಲ ದೊಡ್ಡ ಕಾರ್ಯಕ್ರಮ ಆಗಲೇ ನಿಗದಿಯಾಗಿತ್ತು. ಕೆ.ಆರ್. ಪುರದ ಕಡೆ ಒಂದು ಮೈದಾನದಲ್ಲಿ ರಾಜ್ಯೋತ್ಸವ. ನಮ್ಮ ಹೊಸ ಗಾಯಕಿಯರೂ ಹಾಡುತ್ತಾರೆ, ಕೊನೆಯಲ್ಲಿ ನಾನು. ಮಾಸ್ಟರನ್ನೇ ಕೀಬೋರ್ಡಿಗೆ ಕರೆಸಿದ್ದೆ. ಅಭ್ಯಾಸದ ದಿನ ನನ್ನ ಕೆಮ್ಮು ಕೇಳಿ ಅವರು ಎಲ್ಲರೂ ಎದ್ದುಹೋಗುವವರೆಗೆ ಕಾದು ಕೂತರು.

"ಪಾಪಾ, ಎರಡು ಇಳಿಸ್ಬಿಡ್ಲಾ? ನಿನ್ ಮನೆಗೆ ವಾಪಸ್ ಬಂದ್ಬಿಡಮ್ಮಾ."

"ಗೊತ್ತಾಗ್ಬಿಡುತ್ತೆ ಮಾಸ್ಟರ್. ವಿಡಿಯೋ ಮಾಡಿ ಒರಿಜಿನಲ್ ಪಕ್ಕದಲ್ಲಿಟ್ಟು ನೆಟ್ಟಲ್ಲಿ ಹಾಕ್ತಾರೆ. ನೋಡಿಲ್ವಾ, ಆವತ್ತು ಇಳಿಸಿ ಹಾಡ್ದ ಆ ಸಿಂಗರ್ ಹುಡುಗನ್ನ ಎಷ್ಟು ಆಡ್ಕೊಂಡ್ರು."

"ಆಡ್ಕೊಳ್ಳಲಿ ಬಿಡು. ನಂಗೆ ಗುಂಡಿ ಇದೆ, ಒತ್ತಿದ್ರೆ ಮೇಲೆ, ಒತ್ತಿದ್ರೆ ಕೆಳಗೆ. ನಿಂಗೆ ಗುಂಡಿ ಇಲ್ಲ ಪಾಪಾ."

ಕಾರ್ಯಕ್ರಮದ ದಿನದವರೆಗೂ ನಾನು ಒಪ್ಪಲಿಲ್ಲ. ಆ ದಿನ ಬೆಳಿಗ್ಗೆ "ಅಮ್ಮಾ" ಎಂದಾಗ ಎರಡನೇ ಅಕ್ಷರ ಒಡೆದು ಬಂತು. ಮಧ್ಯಾಹ್ನ ಮಾಸ್ಟರಿಗೆ ಫೋನ್ ಮಾಡಿ, ಇಳಿಸಿ, ಆದರೆ ಯಾರಿಗೂ ಹೇಳಬೇಡಿ, ನಮ್ಮ ಕಂಪನಿಯವರಿಗೂ ಬೇಡ ಎಂದೆ. ಹೊಸ ಹುಡುಗಿಯರ ಅಪ್ಪ ಅಮ್ಮಂದಿರು ಮುಂದಿನ ಸಾಲಲ್ಲಿ ಕೂರುತ್ತಿದ್ದರು. ಮೇಡಂಗೆ ಆ ಲೈನ್ ಬರುವುದೇ ಇಲ್ಲವಂತೆ ಎಂಬ ಒಂದು ಪಿಸುಮಾತು ಹೊರಬಿದ್ದರೆ ಆಫೀಸಿನ ಗಾಜಿನ ಬಾಗಿಲು ಮುಚ್ಚಬೇಕಾಗುತ್ತದೆ ಎಂದು ನನ್ನ ಎಣಿಕೆ. ಮಾಸ್ಟರ್ ಸರಿ ಎಂದರು. ಹಳೆಯ ಆರ್ಕೆಸ್ಟ್ರಾದಲ್ಲಾಗಿದ್ದರೆ ಅಷ್ಟೇ ಸಾಕಾಗುತ್ತಿತ್ತು.

ಆದರೆ ಇದು ಹಳೆಯ ಆರ್ಕೆಸ್ಟ್ರಾ ಆಗಿರಲಿಲ್ಲ. ಈಗ ವಯಲಿನ್ನುಗಳೂ ಕೋರಸ್ಸೂ ಲ್ಯಾಪ್‌ಟಾಪಿನಿಂದ ಬರುತ್ತವೆ. ಅದನ್ನು ನಡೆಸುವವನು ನನ್ನ ಪಾಲುದಾರ, ಅದೇ ಸ್ಟುಡಿಯೋ ಹುಡುಗ. ಲ್ಯಾಪ್‌ಟಾಪಿನಲ್ಲಿದ್ದದ್ದು ಎತ್ತಿದ ಸ್ಕೇಲಿನ ಟ್ರ್ಯಾಕು. ಅದು ನನಗೆ ಗೊತ್ತು, ಮಾಸ್ಟರಿಗೂ ಗೊತ್ತು. ಇಬ್ಬರೂ ಇಷ್ಟು ವರ್ಷ ಬೆನ್ನ ಹಿಂದಿನ ಬೆರಳನ್ನೇ ನಂಬಿ ಬದುಕಿದವರು, ಹಾಗಾಗಿ ಇಬ್ಬರಿಗೂ ಅದು ನೆನಪಾಗಲಿಲ್ಲ.

ಮೈದಾನ ತುಂಬಿತ್ತು. ಕೆಂಪು ಹಳದಿ ಶಾಲುಗಳು, ಮುಂದೆ ಕುರ್ಚಿ, ಹಿಂದೆ ಬೈಕುಗಳ ಮೇಲೆ ನಿಂತ ಹುಡುಗರು. ನಿರೂಪಕಿ ಹಾಡಿನ ಹೆಸರು ಹೇಳಿದ ಕೂಡಲೇ ಸಾವಿರಾರು ಫೋನುಗಳು ಮೇಲೆದ್ದವು. ನನಗೆ ಆ ಸಂಜೆ ಮೊದಲ ಸಲ ನಿರಾಳವಾಗಿತ್ತು. ಇವತ್ತು ನನ್ನ ಮನೆಯಲ್ಲೇ ಹಾಡುತ್ತೇನೆ ಎಂದುಕೊಂಡು ಕಣ್ಣು ಮುಚ್ಚಿದೆ.

ಲ್ಯಾಪ್‌ಟಾಪಿನ ವಯಲಿನ್ನುಗಳು ಮೇಲಿನಿಂದ ಬಂದವು. ಮಾಸ್ಟರ ಕೀಬೋರ್ಡು ಎರಡು ಮನೆ ಕೆಳಗಿನಿಂದ ಬಂತು. ಅದೆಂಥ ಕರ್ಕಶ ಎಂದು ಬರೆದು ತಿಳಿಸಲಾರೆ. ಇಬ್ಬರು ಒಂದೇ ಬಾಗಿಲಲ್ಲಿ ಒಟ್ಟಿಗೇ ನುಗ್ಗಿ ಸಿಕ್ಕಿಕೊಂಡ ಹಾಗಿತ್ತು. ಡ್ರಮ್ಮಿನವನು ತಲೆಯೆತ್ತಿ ನೋಡಿದ. ಲ್ಯಾಪ್‌ಟಾಪಿನ ಹುಡುಗ ಗಾಬರಿಯಾಗಿ ನನ್ನ ಮುಖ ನೋಡಿದ. ಟ್ರ್ಯಾಕನ್ನು ಹಾಡಿನ ನಡುವೆ ಇಳಿಸಲು ಅವನಿಂದ ಆಗುತ್ತಿರಲಿಲ್ಲ, ಕೀಬೋರ್ಡನ್ನಾದರೆ ಒಂದು ಕ್ಷಣದಲ್ಲಿ ಎತ್ತಬಹುದು. ನಿಲ್ಲಿಸಿ, ಮತ್ತೆ ಶುರು ಮಾಡೋಣ ಎಂದು ನಗುತ್ತಾ ಹೇಳಬಹುದಿತ್ತು. ಎಷ್ಟೋ ಜನ ಹೇಳುತ್ತಾರೆ. ನನಗೆ ಕಂಡದ್ದು ಮೇಲೆದ್ದ ಆ ಫೋನುಗಳು ಮಾತ್ರ. ಭಯ ನನ್ನ ಕೈಯನ್ನು ತಾನೇ ಬೆನ್ನ ಹಿಂದೆ ಒಯ್ದಿತು. ಎರಡು ಬೆರಳು ಮೇಲೆ.

ಓರೆಗಣ್ಣಲ್ಲಿ ನೋಡಿದೆ. ಮಾಸ್ಟರ್ ಬೇಡ ಎಂದು ತಲೆಯಾಡಿಸಿದರು. ನಾನು ಬೆರಳುಗಳನ್ನು ಮತ್ತೊಮ್ಮೆ ಕುಕ್ಕಿದೆ. ಅವರು ಗುಂಡಿ ಒತ್ತಿದರು.

ಪಲ್ಲವಿ ದಾಟಿತು. ಚರಣದ ಮೊದಲ ಸಾಲೂ ದಾಟಿತು. ಎರಡನೇ ಸಾಲಿಗೆ ಉಸಿರೆಳೆದು ಮೇಲೆ ಹೋದೆ. ನೋವೇನೂ ಆಗಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಗಂಟಲಲ್ಲಿ ಏನೋ ಪಟ್ ಎಂದಂತಾಯಿತು, ಬಾಯಿ ತೆರೆದೇ ಇತ್ತು, ದನಿ ಇರಲಿಲ್ಲ. ನಾನು ಮೈಕನ್ನು ಜನರ ಕಡೆ ಚಾಚಿದೆ. ಅವರು ಅದನ್ನು ಆಟ ಎಂದುಕೊಂಡರು. ಇಡೀ ಮೈದಾನ ಎದ್ದು ನಿಂತು ಆ ಸಾಲನ್ನು ಹಾಡಿತು. ನಾನು ಕೈ ಬೀಸುತ್ತಾ ನಗುತ್ತಾ ನಿಂತಿದ್ದೆ. ಉಳಿದದ್ದನ್ನು ಕೋರಸ್ಸೂ ಜನರೂ ಸೇರಿ ಮುಗಿಸಿದರು. ಅಷ್ಟು ಜೋರಾದ ಚಪ್ಪಾಳೆ ನನಗೆ ಅದಕ್ಕೆ ಮೊದಲು ಬಿದ್ದಿರಲಿಲ್ಲ. ವೇದಿಕೆಯ ಹಿಂದೆ ಮಾಸ್ಟರ್ ನನ್ನ ತಲೆ ಮೇಲೆ ಕೈಯಿಟ್ಟು ನಿಂತರು.

ಮನೆಗೆ ಬಂದಾಗ ಅಮ್ಮ "ಉಂಡ್ಯಾ?" ಎಂದಳು. ತಲೆಯಾಡಿಸಿ ಹೋಗಿ ಮಲಗಿದೆ.

ಬೆಳಿಗ್ಗೆ ಎಚ್ಚರವಾಯಿತು. ಸ್ವಲ್ಪ ಹೊತ್ತು ಬಾಯಿ ತೆರೆಯುವ ಧೈರ್ಯವಾಗಲಿಲ್ಲ. ಆಮೇಲೆ "ಅಮ್ಮಾ" ಎಂದೆ. ಗಾಳಿ ಹೊರಬಂತು, ಅಷ್ಟೇ. ಮತ್ತೊಮ್ಮೆ ಅಂದೆ. ತುಟಿ ಕೂಡಿತು, ಬಿಚ್ಚಿತು. ಬೀದಿಯಲ್ಲಿ ಸೊಪ್ಪಿನವಳ ಕೂಗು ಕೇಳುತ್ತಿತ್ತು. ಅವಳ ಗಂಟಲಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಮನೆಯೊಳಗೆ ಸದ್ದೇ ಇರಲಿಲ್ಲ. ಕಣ್ಣು ಹೊರಳಿಸಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಇವತ್ತು ಕರೀಲಿಲ್ಲಲ್ಲವ್ವಾ. ಅದ್ಕೇ ಬಂದೆ."

ನಾನು ಗಂಟಲು ಮುಟ್ಟಿ ತೋರಿಸಿದೆ. ಅವಳು ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. "ದಿನಾ ಯಾಕೆ ಕರೀತಿದ್ದಿ ಅಂತ ನಂಗೆ ಗೊತ್ತಿಲ್ಲ ಅನ್ಕಂಡಿದ್ದಿಯೇನು? ನೀ ಕರಿಯೋ ತನಕ ನಾ ಮಿಕ್ಸಿ ಹಾಕ್ತಿದ್ದಿಲ್ಲ. ಸದ್ದಿಗೆ ಕೇಳ್ದೆ ಹೋದ್ರೆ ಅಂತ."

ಅಷ್ಟು ದಿನ ಒಂದೇ ಸೂರಿನಡಿ ಗೋಡೆಯ ಈಚೆ ನಾನು, ಆಚೆ ಅವಳು, ಉಸಿರು ಬಿಗಿಹಿಡಿದು ಅದೇ ಎರಡಕ್ಷರಕ್ಕೆ ಕಾಯುತ್ತಿದ್ದೆವು. ನಾನು ಅತ್ತೆ. ಅಳುವುದಕ್ಕೂ ದನಿ ಇರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ರಕ್ತ ಒಸರಿದೆ, ವಾರಗಟ್ಟಲೆ ಮೌನ, ಪಿಸುಮಾತೂ ಕೂಡದು ಎಂದರು. ಕನಸಿನಲ್ಲಿ ಮಾತಾಡಿಬಿಡುತ್ತೇನೆ ಎಂದು ನಿದ್ದೆಗೂ ಹೆದರತೊಡಗಿದೆ. ಪಾಲುದಾರ ಹುಡುಗ ಬಂದು ಎದುರಿಗೆ ಕೂತ. ಫೋನಿನಲ್ಲಿ ಎಲ್ಲವನ್ನೂ ಬರೆದು ತೋರಿಸಿದೆ, ಡಾಕ್ಟರು, ಊತ, ಮಾಸ್ಟರಿಗೆ ಹೇಳಿದ್ದು. ಓದಿ ಫೋನ್ ವಾಪಸ್ ಕೊಟ್ಟ.

"ಅಕ್ಕ, ನಂಗೆ ಒಂದ್ ಮಾತು ಹೇಳಿದ್ರೆ ಟ್ರ್ಯಾಕ್ ಇಳಿಸಿಕೊಡೋದು ಎರಡು ನಿಮಿಷದ ಕೆಲ್ಸ ಆಗಿತ್ತು" ಎಂದ. ಆಮೇಲೆ, ಹೇಳಲೋ ಬೇಡವೋ ಎನ್ನುವ ಹಾಗೆ, ಇನ್ನೊಂದು ಸುದ್ದಿ ಹೇಳಿದ. ಮೈದಾನದ ಜನ ಆ ಸಾಲು ಹಾಡಿದ ವಿಡಿಯೋ ಎಲ್ಲ ಕಡೆ ಓಡುತ್ತಿದೆ, ಹಾಡು ಮತ್ತೆ ಪಟ್ಟಿಯ ತುದಿಗೆ ಬಂದಿದೆ. ನಾನು ಮೂಕಿಯಾಗಿ ಕೂತಿದ್ದ ಆ ವಾರಗಳಲ್ಲಿ ಊರೆಲ್ಲ ನನ್ನ ದನಿಯೇ ಇತ್ತು. ಕಿಟಕಿಯಿಂದ ಅದು ಕೇಳಿಬಂದಾಗ ಅಮ್ಮ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದಳು.

ಕೊನೆಗೊಂದು ದಿನ ಡಾಕ್ಟರಮ್ಮ ಕ್ಯಾಮೆರಾ ತೆಗೆದು, "ನಾಳೆ ಬೆಳಿಗ್ಗೆ ಮಾತಾಡಿ ನೋಡಿ. ಸಣ್ಣ ಮಾತು. ಹಾಡೋ ವಿಷಯ ಆಮೇಲೆ. ಆ ಲೈನ್ ಮಾತ್ರ ಮರೆತುಬಿಡಿ" ಎಂದರು. ಮುಂದೆ ಹಾಡಲಾಗುತ್ತದೆಯೇ ಎಂದು ಬರೆದು ಕೇಳಿದೆ. ನೋಡೋಣ ಎಂದರು. ಆ ಒಂದು ಪದವನ್ನು ಹಲಸೂರಿನಿಂದ ಮನೆಯವರೆಗೂ ತಿರುವಿ ತಿರುವಿ ನೋಡುತ್ತಾ ಬಂದೆ. ಅದರೊಳಗೆ ಸಮಾಧಾನ ಸಿಗಲಿಲ್ಲ.

ಮರುದಿನ ಎಚ್ಚರವಾದಾಗ ಚೆನ್ನಾಗಿ ಬೆಳಕಾಗಿತ್ತು. ಅಡುಗೆಮನೆಯಲ್ಲಿ ದೋಸೆಯ ಹೆಂಚಿಟ್ಟ ಸದ್ದಾಯಿತು, ತೆಂಗಿನಕಾಯಿ ತುರಿದ ಸದ್ದಾಯಿತು, ಮಿಕ್ಸಿಯ ಜಾರಿಗೆ ಮುಚ್ಚಳ ಹಾಕಿದ್ದೂ ಕೇಳಿತು. ಆಮೇಲೆ ಎಲ್ಲವೂ ನಿಂತಿತು. ಅವಳು ಕಾಯುತ್ತಿದ್ದಳು. ನಾನು ಹೊದಿಕೆಯೊಳಗೆ ಬೆವರುತ್ತಾ ಮಲಗಿದ್ದೆ. ಕರೆಯದಿದ್ದರೆ ಇನ್ನೊಂದು ಗಳಿಗೆ ಆಸೆಯಾದರೂ ಉಳಿಯುತ್ತದೆ ಎನಿಸುತ್ತಿತ್ತು.

"ಅಮ್ಮಾ."

ದಪ್ಪಗೆ, ಒರಟಾಗಿ, ಮಧ್ಯೆ ಬಿರುಕು ಬಿಟ್ಟು ಬಂತು. ಯಾರದೋ ದನಿ. ಆದರೂ ದನಿ.

"ಏನವ್ವಾ?" ಎಂದಳು.

ದಿನದ ಉತ್ತರ ನಾಲಗೆಯ ತುದಿಗೇ ಬಂದಿತ್ತು. ಏನಿಲ್ಲ ಎಂದಿದ್ದರೆ ಅವಳು ಮಿಕ್ಸಿ ಹಾಕುತ್ತಿದ್ದಳು.

"ಭಯ ಆಗ್ತಿದೆ" ಎಂದೆ.

ಮಿಕ್ಸಿ ಸದ್ದು ಮಾಡಲಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಹಾಸಿಗೆಯಲ್ಲಿ ನನ್ನ ಪಕ್ಕಕ್ಕೆ ಕೂತಳು. ನನ್ನ ಕೈ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ನಂಗೂ ಆಗ್ತತವ್ವಾ" ಎಂದಳು.

ಆವತ್ತು ನಾವಿಬ್ಬರೂ ಚಟ್ನಿ ಇಲ್ಲದೆ ದೋಸೆ ತಿಂದೆವು.